ಮೊದಲು ಗಾಳಿ, ಆಮೇಲೆ ಬಿಸಿಲು

ಸ್ಪೇನಿನ ದಕ್ಷಿಣದ ಕಡಲಿಗೆ ರಜೆಗೆ ಹೋಗೋಣ ಅಂದ ಕೂಡಲೇ ಎಲ್ಲರೂ ತೆಗೆಯುವುದು ಬಿಸಿಲಿನ ಮಾತು. ಮಾಲಗಾ ಪ್ರಾಂತ್ಯದ ಆ ತೀರಕ್ಕೆ ಇಟ್ಟಿರುವ ಹೆಸರೂ ಹಾಗೇ, ಕೋಸ್ತಾ ದೆಲ್ ಸೋಲ್, ಬಿಸಿಲ ಕರಾವಳಿ. ಹೋಟೆಲಿನವರು ಹಾಕುವ ಫೋಟೋಗಳಲ್ಲಿ ನೀಲಿ ಆಕಾಶ, ಬಿಳಿ ಗೋಡೆ, ಛತ್ರಿಯ ಕೆಳಗೆ ಒರಗು ಕುರ್ಚಿ. ಜರ್ಮನಿಯಲ್ಲಿ ವರ್ಷದ ಅರ್ಧ ಬೂದು ಆಕಾಶ ನೋಡಿಕೊಂಡು ಇರುವ ನಮ್ಮಂಥವರಿಗೆ ಅಷ್ಟು ಕಂಡರೆ ಸಾಕು, ಇವತ್ತೇ ಟಿಕೆಟ್ ಮಾಡೋಣ ಅನಿಸುತ್ತದೆ.

ಆದರೆ ನಾನು ಕಾಪುವಿನವಳು. ದೀಪಸ್ತಂಭದ ಬುಡದಲ್ಲಿ ಆಡಿ ಬೆಳೆದವಳು. ಉಡುಪಿ ಕಡೆಯ ಕಡಲ ಮಕ್ಕಳಿಗೆ ಕಡಲು ಅಂದರೆ ಮೊದಲು ನೆನಪಾಗುವುದು ಬಿಸಿಲಲ್ಲ. ಗಾಳಿ ಎತ್ತಲಿಂದ ಬರುತ್ತಿದೆ, ನೀರು ಹೇಗಿದೆ, ದೋಣಿ ಇಳಿದಿದೆಯಾ ಇಲ್ಲವಾ, ಇಷ್ಟು ನೋಡಿಕೊಂಡೇ ನಾವು ಮರಳಿನ ಮೇಲೆ ಕಾಲಿಡುವುದು. ಕಡಲ ಬದಿಯವರಿಗೇ ಕಡಲ ಭಯ ಜಾಸ್ತಿ. ಗೊತ್ತಿದ್ದವರಿಗೆ ಅಲ್ವಾ ಭಯ ಇರುವುದು?

ಈ ಸಲ ಅಮ್ಮ ಊರಿಂದ ಬರುತ್ತಿದ್ದಾಳೆ. ಮೂರು ತಿಂಗಳು ನಮ್ಮ ಜೊತೆ ಇರುತ್ತಾಳೆ. ಅಷ್ಟೂ ದಿನ ಜರ್ಮನಿಯ ಒಳನಾಡಿನಲ್ಲಿ ಕಡಲು ಕಾಣದೆ ಅವಳನ್ನು ಕೂರಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಅವಳಿಗೆ ಮೊಣಕಾಲು ನೋವು. ನನ್ನ ಗಂಡ ಮೈಸೂರಿನವರು, ಮೀನು ಮೊಟ್ಟೆ ಯಾವುದೂ ಮುಟ್ಟುವುದಿಲ್ಲ. ಮಗಳಿಗೆ ಐದು ವರ್ಷ, ನೀರು ಕಂಡರೆ ಓಡುತ್ತಾಳೆ. ಫೋನಿನಲ್ಲಿ ವಿಷಯ ಹೇಳಿದಾಗ ಅಮ್ಮ ಬಿಸಿಲಿನ ಬಗ್ಗೆ ಕೇಳಲೇ ಇಲ್ಲ. "ನೀರು ಹೇಗೆ ಉಂಟು ಅಲ್ಲಿ? ಕಾಲು ಹಾಕಲಿಕ್ಕೆ ಆಗ್ತದಾ?" ಅಂದಳು. ಇಡೀ ಯೋಜನೆಯಲ್ಲಿ ಯಾರಾದರೂ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು.

ನೀರು ತಣ್ಣಗಿದೆ. ಇದನ್ನು ನೇರವಾಗಿ ಹೇಳುವವರು ಕಡಿಮೆ. ಸೆಖೆಯ ಆಗಸ್ಟ್ ತಿಂಗಳಲ್ಲೂ ಮಾಲಗಾದ ಕಡಲ ನೀರು ಸರಾಸರಿ 22-23 ಡಿಗ್ರಿ ಅಷ್ಟೇ. ಅದೇ ಸ್ಪೇನಿನ ಪೂರ್ವಕ್ಕೆ, ಅಲಿಕಾಂತೆ ಕಡೆ ಹೋದರೆ 25-26. ನಮ್ಮ ಕಾಪುವಿನ ನೀರು ವರ್ಷದ ಬಹುಪಾಲು 28ರ ಆಸುಪಾಸು ಇರುತ್ತದೆ. ಆ ನೀರಿನಲ್ಲಿ ಮಿಂದವಳಿಗೆ 22 ಅಂದರೆ ಏನು ಅಂತ ಯೋಚಿಸಿ.

ಕಾರಣ ಜಿಬ್ರಾಲ್ಟರ್. ಅಟ್ಲಾಂಟಿಕ್ ಸಾಗರವೂ ಮೆಡಿಟರೇನಿಯನ್ ಸಮುದ್ರವೂ ಕೂಡುವ ಆ ಜಲಸಂಧಿ ತೀರಾ ಕಿರಿದಾದ ಕಡೆ ಸುಮಾರು 14 ಕಿಲೋಮೀಟರ್ ಅಗಲ. ಮೆಡಿಟರೇನಿಯನ್‌ಗೆ ಮಳೆ ಮತ್ತು ನದಿಗಳಿಂದ ಬರುವ ನೀರಿಗಿಂತ ಆವಿಯಾಗಿ ಹೋಗುವ ನೀರೇ ಜಾಸ್ತಿ. ಆ ಕೊರತೆ ತುಂಬಲು ಅಟ್ಲಾಂಟಿಕ್‌ನ ನೀರು ಆ ಸಂದಿಯಲ್ಲಿ ಮೇಲ್ಪದರವಾಗಿ ಒಳಗೆ ಹರಿಯುತ್ತಲೇ ಇರುತ್ತದೆ. ಜಾಸ್ತಿ ಉಪ್ಪಿನ, ಭಾರದ ಮೆಡಿಟರೇನಿಯನ್ ನೀರು ತಳದಲ್ಲಿ ಹೊರಗೆ ಹೋಗುತ್ತದೆ. ಒಳಗೆ ಬಂದ ತಂಪು ನೀರಿಗೆ ಮೊದಲು ಸಿಗುವುದೇ ಮಾಲಗಾದ ಎದುರಿನ ಆಲ್ಬೊರಾನ್ ಸಮುದ್ರ. ಅಲ್ಲಿಂದ ಮುಂದೆ ಪೂರ್ವಕ್ಕೆ ಹೋಗುತ್ತಾ ಹೋಗುತ್ತಾ ಅದು ಬಿಸಿಯಾಗುತ್ತದೆ.

ಅದರ ಮೇಲೆ ಗಾಳಿ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಗೆಳತಿ ಮಾಲಗಾದವಳು. ನಮ್ಮ ರಜೆಯ ವಿಷಯ ಹೇಳಿದಾಗ ಅವಳು ಒಂದು ಹಾಳೆ ಎಳೆದುಕೊಂಡು ತೀರದ ಗೆರೆ ಬರೆದಳು. ಅದರ ಮೇಲೆ ಮೂರು ಬಾಣ ಹಾಕಿದಳು. ಪಶ್ಚಿಮದಿಂದ ಬರುವುದು ಪೋನಿಯೆಂತೆ. ಪೂರ್ವದಿಂದ ಬರುವುದು ಲೆವಾಂತೆ. ಉತ್ತರದ ಒಳನಾಡಿನಿಂದ ಬೆಟ್ಟ ಇಳಿದು ಬರುವುದು ತೆರಾಲ್. ನನಗೆ ಎಷ್ಟು ಖುಷಿಯಾಯಿತು ಅಂದರೆ ಹೇಳಲಿಕ್ಕಾಗದು. ನಮ್ಮೂರಿನಲ್ಲಿ ತೆಂಕುಗಾಳಿ, ಪಡುಗಾಳಿ ಅಂತ ಹಿರಿಯರು ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡುತ್ತಿದ್ದಳು.

ಈ ಮೂರು ಗಾಳಿಗಳ ಕೆಲಸ ಬೇರೆ ಬೇರೆ. ಪೋನಿಯೆಂತೆ ಬೀಸಿದರೆ ತೀರದ ಮೇಲ್ಪದರದ ನೀರು ಆಚೆಗೆ ಸರಿಯುತ್ತದೆ. ಆ ಜಾಗಕ್ಕೆ ತಳದ ತಣ್ಣೀರು ಮೇಲೆ ಬರುತ್ತದೆ. ಆಗ ಕಡಲು ತಿಳಿಯಾಗಿ, ಗಾಜಿನ ಹಾಗೆ ಕಾಣುತ್ತದೆ, ಕಾಲಿಟ್ಟರೆ ಮೂಳೆ ನಡುಗುತ್ತದೆ. ಲೆವಾಂತೆ ಬೀಸಿದರೆ ಬೆಚ್ಚಗಿನ ನೀರು ದಡಕ್ಕೆ ಬಂದು ಸೇರುತ್ತದೆ. ಆದರೆ ಅಲೆ ದೊಡ್ಡದು, ನೀರು ಕದಡಿರುತ್ತದೆ. ತೆರಾಲ್ ಬಂದ ದಿನವಂತೂ ವಿಚಿತ್ರ. ಒಣಗಾಳಿಗೆ ಊರಿನ ಬಿಸಿ 40 ಡಿಗ್ರಿ ದಾಟಬಹುದು, ಕಡಲು ಮಾತ್ರ ಐಸ್ ಆಗಿರುತ್ತದೆ. ಅಂಥ ದಿನ ಊರವರು ಕಿಟಕಿ ಬಾಗಿಲು ಮುಚ್ಚಿ, ಪರದೆ ಇಳಿಬಿಟ್ಟು ಒಳಗೇ ಇರುತ್ತಾರಂತೆ. ಬಿಸಿಲು ನೋಡಿ ಹೋದ ಪ್ರವಾಸಿಗಳು ಆ ಹೊತ್ತಿನಲ್ಲೇ ಬೀಚಿಗೆ ಇಳಿಯುತ್ತಾರೆ.

ತಳದ ತಣ್ಣೀರು ಮೇಲೆ ಬರುವುದು ನಮಗೆ ಹೊಸದೇನಲ್ಲ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲೂ ಹಾಗೆ ಆಗುತ್ತದೆ. ತಳದಿಂದ ಬಂದ ನೀರಿನ ಜೊತೆ ಮೀನಿನ ಮೇವು ಬರುತ್ತದೆ. ಅದನ್ನು ತಿಂದೇ ಬೂತಾಯಿ, ಬಂಗುಡೆ ಕೊಬ್ಬುವುದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದೆ ಮಲ್ಪೆ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಆಮೇಲೆ ಬಲೆಗೆ ಬೀಳುವ ಬೂತಾಯಿಯ ರುಚಿಯೇ ಬೇರೆ. ಮಾಲಗಾದವರೂ ನಮ್ಮ ಬೂತಾಯಿಯ ಬಳಗದ ಸಾರ್ಡಿನ್ ಮೀನಿಗೆ ಜೀವ ಬಿಡುವ ಜನ. ಎರಡು ಕಡೆಯೂ ತಣ್ಣೀರೇ ಊಟ ಹಾಕುತ್ತಿದೆ. ಇದನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ಆ ಊರಿನ ಮೇಲೆ ಒಮ್ಮೆಲೇ ನಂಬಿಕೆ ಬಂತು.

ಹಾಗಾದರೆ ನೀರು ಬೆಚ್ಚಗಿರುವ ಪೂರ್ವದ ತೀರಕ್ಕೇ ಹೋಗಬಹುದಲ್ಲ ಅಂತ ನೀವು ಕೇಳಬಹುದು. ನಾವೂ ಅದನ್ನು ತುಂಬಾ ಯೋಚಿಸಿದೆವು. ಅಲಿಕಾಂತೆ, ಬೆನಿದೋರ್ಮ್ ಕಡೆ ಸೆಪ್ಟೆಂಬರಿನಲ್ಲಿ ನೀರು ಚೆನ್ನಾಗಿರುತ್ತದೆ. ಆದರೆ ಬೆನಿದೋರ್ಮ್ ಅಂದರೆ ಕಡಲಿಗೆ ಬೆನ್ನು ತಾಗಿಸಿ ನಿಂತ ಗಗನಚುಂಬಿಗಳ ಊರು. ಒಂದು ಹೋಟೆಲ್ 186 ಮೀಟರ್ ಎತ್ತರ ಇದೆ. ಜಾಗ ಉಳಿಸಿ ಮೇಲಕ್ಕೆ ಕಟ್ಟಿದ್ದು ಜಾಣತನವೇ, ಅದನ್ನು ಒಪ್ಪುತ್ತೇನೆ. ಆದರೂ ಅಮ್ಮನನ್ನು ಕರೆದುಕೊಂಡು ಹದಿನೈದನೆಯ ಮಹಡಿಯಿಂದ ಕಡಲು ತೋರಿಸುವುದು ನನಗೆ ಬೇಡವಾಗಿತ್ತು.

ಪಶ್ಚಿಮಕ್ಕೆ ಕಾದಿಸ್ ಕಡೆ ಅಟ್ಲಾಂಟಿಕ್ ಇದೆ. ಅಗಲವಾದ ಹೊಂಬಣ್ಣದ ಮರಳು, ಬೊಲೋನಿಯಾದಲ್ಲಿ ದೊಡ್ಡ ಮರಳದಿಬ್ಬ, ಪಕ್ಕದಲ್ಲೇ ರೋಮನ್ನರ ಊರಿನ ಅವಶೇಷ. ನೋಡಲಿಕ್ಕೆ ಅದಕ್ಕಿಂತ ಚೆಂದದ ತೀರ ಸ್ಪೇನಿನಲ್ಲಿ ಇದೆಯೋ ಇಲ್ಲವೋ. ಆದರೆ ತರೀಫಾಕ್ಕೆ ಜಗತ್ತಿನ ಎಲ್ಲೆಡೆಯಿಂದ ಗಾಳಿಪಟ ಕಟ್ಟಿಕೊಂಡು ಅಲೆ ಮೇಲೆ ಓಡುವವರು ಬರುತ್ತಾರೆ ಅಂದರೆ ಅಲ್ಲಿ ಗಾಳಿ ಹೇಗಿರಬಹುದು ಅಂತ ತಿಳಿದುಕೊಳ್ಳಬೇಕು. ಲೆವಾಂತೆ ಎದ್ದರೆ ಮರಳು ಮುಖಕ್ಕೆ ಸೂಜಿಯ ಹಾಗೆ ಚುಚ್ಚುತ್ತದೆ. ಅಲ್ಮೆರಿಯಾದ ಕಾಬೋ ದೆ ಗಾತಾ ಜ್ವಾಲಾಮುಖಿ ಕಲ್ಲಿನ ಒಣ ನಾಡು. 1987ರಿಂದ ಸಂರಕ್ಷಿತ ಪ್ರದೇಶ. ಅಲ್ಲಿಯ ಬೀಚುಗಳಲ್ಲಿ ಕಟ್ಟಡ ಇಲ್ಲ, ಅಂಗಡಿ ಇಲ್ಲ, ನೆರಳೂ ಇಲ್ಲ. ವಯಸ್ಸಿದ್ದಾಗ ಹೋಗಬೇಕಾದ ಜಾಗ. ಮೊಣಕಾಲು ನೋವಿನವರಿಗೆ, ಚಿಕ್ಕ ಮಗುವಿಗೆ ಅಲ್ಲ.

ಇನ್ನು ತಿಂಗಳು. ಆಗಸ್ಟ್ ಬೇಡ ಅನ್ನುವುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಸ್ಪೇನಿನವರೇ ಊರುಬಿಟ್ಟು ಕಡಲಿಗೆ ಬರುವ ತಿಂಗಳು ಅದು. ಬೆಲೆ ಗಗನಕ್ಕೆ, ಮರಳಿನಲ್ಲಿ ಟವೆಲ್ ಹಾಸಲು ಜಾಗ ಇಲ್ಲ. ಸೆಪ್ಟೆಂಬರ್ ಕೊನೆಗೆ ಮಾಲಗಾದಲ್ಲಿ ಹಗಲಿನ ಬಿಸಿ 27-28ಕ್ಕೆ ಇಳಿಯುತ್ತದೆ. ಬೇಸಗೆಯೆಲ್ಲ ಕಾದ ನೀರು ಮಾತ್ರ ಹೆಚ್ಚು ಇಳಿದಿರುವುದಿಲ್ಲ. ಮಗಳು ಇನ್ನೂ ಶಾಲೆಗೆ ಸೇರಿಲ್ಲ, ಹಾಗಾಗಿ ರಜೆಯ ಕಟ್ಟು ನಮಗಿಲ್ಲ. ಮುಂದಿನ ವರ್ಷದಿಂದ ಈ ಸುಖ ಇಲ್ಲ.

ಅಕ್ಟೋಬರ್ ಕೊನೆಯ ತನಕ ತಳ್ಳಲು ನಾನು ಒಪ್ಪಲಿಲ್ಲ. ಬೇಸಗೆ ಮುಗಿದ ಮೇಲೆ ಕಡಲು ಇನ್ನೂ ಬೆಚ್ಚಗಿರುವಾಗ, ಮೇಲೆ ತಂಪುಗಾಳಿಯ ಒಂದು ತುಂಡು ಬಂದು ಸಿಕ್ಕಿಕೊಂಡರೆ ಆ ತೀರದಲ್ಲಿ ಒಂದೇ ದಿನದಲ್ಲಿ ವರ್ಷದ ಮಳೆ ಸುರಿದುಬಿಡಬಹುದು. ಅಲ್ಲಿಯವರು ಅದನ್ನು ದಾನಾ ಅನ್ನುತ್ತಾರೆ. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಕಡೆ ಹಾಗೇ ಆಯಿತು. 220ಕ್ಕೂ ಹೆಚ್ಚು ಜನ ಸತ್ತರು. ಎರಡು ವಾರ ಕಳೆದು ಮಾಲಗಾದ ಬೀದಿಗಳಿಗೂ ನೀರು ನುಗ್ಗಿತು. ಮಳೆಯ ಜೊತೆಗೇ ಬದುಕುವ ಜಿಲ್ಲೆಯಿಂದ ಬಂದವಳು ನಾನು. ಮಳೆಗೆ ಸಿದ್ಧವಿಲ್ಲದ ಊರಿನಲ್ಲಿ ಬೀಳುವ ಮಳೆ ಎಂಥದ್ದು ಅಂತ ನನಗೆ ಅರ್ಥವಾಗುತ್ತದೆ. ಸೆಪ್ಟೆಂಬರಿನಲ್ಲೂ ಅದು ಬರಬಹುದು. ಆದರೂ ನಡುವಿನ ದಾರಿ ಅಂತ ಸೆಪ್ಟೆಂಬರ್ ಕೊನೆಯ ವಾರಕ್ಕೆ ನಿಂತೆವು.

ಊರು ಆರಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಾಲಗಾದಿಂದ ಪಶ್ಚಿಮಕ್ಕೆ ತೊರ್ರೆಮೊಲಿನೋಸ್, ಬೆನಾಲ್ಮಾದೆನಾ, ಫುಯೆನ್‌ಹಿರೋಲಾ. ವಿಮಾನ ನಿಲ್ದಾಣದಿಂದಲೇ ಲೋಕಲ್ ರೈಲು ಇದೆ, ಇಳಿದು ಹತ್ತಿದರೆ ಆಯಿತು. ತೊರ್ರೆಮೊಲಿನೋಸ್ ಒಂದು ಕಾಲದ ಮೀನುಗಾರರ ಹಳ್ಳಿ. 1959ರಲ್ಲಿ ಅಲ್ಲಿ ಪೆಸ್ ಎಸ್ಪಾದಾ ಅನ್ನುವ ದೊಡ್ಡ ಹೋಟೆಲ್ ತೆರೆಯಿತು. ಆಮೇಲೆ ಆ ತೀರ ಹಿಂದೆ ತಿರುಗಿ ನೋಡಲಿಲ್ಲ. ಈಗ ಅದು ಒಂದೇ ಉದ್ದನೆಯ ಪೇಟೆ.

ಪೂರ್ವಕ್ಕೆ ಹೋದರೆ ಆಕ್ಸಾರ್ಕಿಯಾ ಅನ್ನುವ ಸೀಮೆ. ರೈಲು ಇಲ್ಲ, ಬಸ್ಸು ಮಾತ್ರ. ಅಲ್ಲಿ ಎಲ್ಲರೂ ಹೇಳುವ ಊರು ನೆರ್ಹಾ. ಬಂಡೆಯ ತುದಿಯಲ್ಲಿ ಕಡಲ ಮೇಲೆ ಚಾಚಿದ, ಯೂರೋಪಿನ ಬಾಲ್ಕನಿ ಅನ್ನುವ ಕಟ್ಟೆ, ಕೆಳಗೆ ಸಣ್ಣ ಸಣ್ಣ ಕೊಲ್ಲಿಗಳು. ಫೋಟೋ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಗಂಡ ಅಲ್ಲೇ ಮನೆ ನೋಡೋಣ ಅಂದರು. ನಾನು ಫೋಟೋ ಬಿಟ್ಟು ನಕ್ಷೆಯಲ್ಲಿ ಏರಿಳಿತ ನೋಡಲು ಕೂತೆ. ಊರು ಮೇಲೆ, ಮರಳು ಕೆಳಗೆ. ಬುರ್ರಿಯಾನಾ ಬೀಚಿನಿಂದ ಪೇಟೆಗೆ ಹತ್ತುವ ದಾರಿ ಕಡಿದಾಗಿದೆ. ಬಾಲ್ಕನಿಯ ಬುಡದ ಬೀಚುಗಳಿಗೆ ಮೆಟ್ಟಿಲು, ಇಳಿಜಾರು. ಅಮ್ಮ ಒಂದು ಸಲ ಇಳಿದಾಳು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಇಳಿದು ಹತ್ತುವುದು ಆಗುವ ಮಾತಲ್ಲ. ಬೆಟ್ಟದ ಮೇಲಿನ ಚೆಂದದ ಮನೆಯಲ್ಲಿ ಅವಳನ್ನು ಕೂರಿಸಿ ನಾವು ಕಡಲಿಗೆ ಹೋಗುವುದು ಎಂಥ ರಜೆ?

ಹಾಗೆ ಸಿಕ್ಕಿದ್ದು ತೊರ್ರೆ ದೆಲ್ ಮಾರ್. ಮಾಲಗಾದಿಂದ ಸುಮಾರು 30 ಕಿಲೋಮೀಟರ್. ಪತ್ರಿಕೆಯವರು ಫೋಟೋ ಹಾಕುವ ಊರಲ್ಲ. ಸಾಧಾರಣ ಅಪಾರ್ಟ್‌ಮೆಂಟುಗಳು, ಹಳೆಯ ಸಕ್ಕರೆ ಕಾರ್ಖಾನೆಯ ಕಟ್ಟಡ, ಸ್ಪೇನಿನವರೇ ಬೇಸಗೆಗೆ ಬಂದು ಇರುವ ಜಾಗ. ಆದರೆ ನೆಲ ಸಮತಟ್ಟು. ತೀರದುದ್ದಕ್ಕೂ ಅಗಲವಾದ ನಡಿಗೆಯ ದಾರಿ, ಕೂರಲು ಬೆಂಚು, ಮರದ ನೆರಳು. ದಾರಿಯಿಂದ ಮರಳಿಗೆ ಮೆಟ್ಟಿಲಿಲ್ಲದೆ ಹೋಗಬಹುದು. ದೀಪಸ್ತಂಭವೂ ಇದೆ. ಹಾಗೇ ದಾರಿ ಹಿಡಿದು ಪೂರ್ವಕ್ಕೆ ನಡೆದರೆ ಕಲೇತಾ ದೆ ವೆಲೆಸ್, ಮೀನುಗಾರಿಕೆಯ ಬಂದರು. ದೋಣಿಗಳು ಇನ್ನೂ ಅಲ್ಲಿಂದ ಕಡಲಿಗೆ ಇಳಿಯುತ್ತವೆ, ಮೀನಿನ ಹರಾಜು ನಡೆಯುತ್ತದೆ. ಅಮ್ಮನಿಗೆ ಅರಮನೆ, ಚರ್ಚಿಗಿಂತ ಬಲೆ ಹೆಣೆಯುವವರನ್ನು ನೋಡುವುದೇ ಇಷ್ಟ ಅಂತ ನನಗೆ ಗೊತ್ತು. ಎಲ್ಲ ನೋಡಿ ಮುಗಿಸಿದ ಮೇಲೆ ಗಂಡನೂ ಒಪ್ಪಿದರು. ನೆರ್ಹಾಕ್ಕೆ ಬಸ್ಸಿನಲ್ಲಿ ಒಂದು ದಿನ ಹೋಗಿ ಬಂದರಾಯಿತು.

ಅಲ್ಲಿಯ ಮರಳು ಬೂದು ಬಣ್ಣದ್ದು, ದಪ್ಪ, ನಡುನಡುವೆ ಬೆಣಚುಕಲ್ಲು. ಮಲ್ಪೆಯ ನುಣ್ಣನೆಯ ಮರಳನ್ನು ನಿರೀಕ್ಷಿಸುವ ಹಾಗಿಲ್ಲ. ನೀರಿನಲ್ಲೂ ಹಾಕಿಕೊಳ್ಳುವ ರಬ್ಬರ್ ಅಡಿಯ ಶೂ ಎಲ್ಲರಿಗೂ ಬೇಕು. ಬಾವುಟ ನೋಡುವುದನ್ನು ಮಗಳಿಗೆ ಈಗಲೇ ಕಲಿಸುತ್ತಿದ್ದೇನೆ. ಹಸಿರು, ಹಳದಿ, ಕೆಂಪು. ಅವುಗಳ ಜೊತೆ ಅಂಬಲಿ ಮೀನಿನ (ಜೆಲ್ಲಿಫಿಶ್) ಚಿತ್ರದ ಬಾವುಟ ಕಂಡರೆ ನೀರಿಗೆ ಇಳಿಯಬಾರದು. ಆ ತೀರಕ್ಕೆ ಬೇಸಗೆಯಲ್ಲಿ ನೇರಳೆ ಬಣ್ಣದ ಒಂದು ಜಾತಿ ಹಿಂಡುಹಿಂಡಾಗಿ ಬರುತ್ತದೆ, ತಾಗಿದರೆ ಉರಿ. ಯಾವ ಬೀಚಿನಲ್ಲಿ ಇವತ್ತು ಅದು ಬಂದಿದೆ ಅಂತ ತಿಳಿಸಲು ಮಾಲಗಾದವರು ಇನ್ಫೋಮೆದೂಸಾ ಅನ್ನುವ ಆ್ಯಪ್ ಮಾಡಿದ್ದಾರೆ. ಅದನ್ನು ಹಾಕಿಕೊಂಡಾಯಿತು.

ನೀಲಿ ಬಾವುಟದ ಬಗ್ಗೆ ಒಂದು ಮಾತು. ನೀರಿನ ಶುಚಿ, ಸುರಕ್ಷತೆ, ಶೌಚಾಲಯ ಎಲ್ಲ ನೋಡಿ ಕೊಡುವ ಈ ಗುರುತು ಜಗತ್ತಿನಲ್ಲೇ ಹೆಚ್ಚು ಇರುವುದು ಸ್ಪೇನಿನ ಬೀಚುಗಳಿಗೆ. ನಮ್ಮ ಪಡುಬಿದ್ರಿಗೂ, ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಅದು ಸಿಕ್ಕಿದೆ. ಕಾಪುವಿನಿಂದ ಪಡುಬಿದ್ರಿ ಎಷ್ಟು ದೂರ? ಅಲ್ಲಿಯ ಬಾವುಟದ ಕೆಳಗೆ ನಿಂತವಳು ಇಲ್ಲಿಯ ಬಾವುಟದ ಕೆಳಗೂ ನಿಲ್ಲುತ್ತಾಳೆ ಅನ್ನುವುದು ನನಗೆ ಹೆಮ್ಮೆಯ ವಿಷಯ. ಇನ್ನೊಂದು, ಸ್ಪೇನಿನಲ್ಲಿ 1988ರ ಕರಾವಳಿ ಕಾನೂನಿನ ಪ್ರಕಾರ ಬೀಚು ಎಲ್ಲರ ಆಸ್ತಿ. ಒರಗು ಕುರ್ಚಿ, ಛತ್ರಿಗೆ ಬಾಡಿಗೆ ಇದೆ. ಬರೀ ಮರಳಿನಲ್ಲಿ ಚಾಪೆ ಹಾಸಿ ಕೂರಲು ಯಾರ ಅಪ್ಪಣೆಯೂ ಬೇಡ. ಹಾಗಾಗಿ ಊರಿಂದ ತಂದ ಚಾಪೆಯೇ ನಮಗೆ ಸಾಕು.

ದಿನದ ಲೆಕ್ಕ ಹಾಕುವಾಗ ಗಡಿಯಾರದ ವಿಷಯ ಮರೆಯಬಾರದು. ನಕ್ಷೆಯಲ್ಲಿ ಸ್ಪೇನ್ ಇಂಗ್ಲೆಂಡಿನ ನೇರಕ್ಕೆ ಇದೆ. ಆದರೆ 1940ರಲ್ಲಿ, ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ, ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟರು. ಅದು ಹಾಗೇ ಉಳಿಯಿತು. ಬೇಸಗೆಯಲ್ಲಿ ಅದಕ್ಕೆ ಇನ್ನೊಂದು ಗಂಟೆ ಸೇರುತ್ತದೆ. ಹೀಗಾಗಿ ಸೆಪ್ಟೆಂಬರ್ ಕೊನೆಗೆ ಮಾಲಗಾದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8 ದಾಟಿದ ಮೇಲೆ. ನೆತ್ತಿಗೆ ಬರುವುದು ಮಧ್ಯಾಹ್ನ 2 ಗಂಟೆ ಕಳೆದು. ಮುಳುಗುವುದು ರಾತ್ರಿ 8ರ ಸುಮಾರಿಗೆ. ಅಂದರೆ 4 ಗಂಟೆಗೆ ಬಿಸಿಲು ಇಳಿದಿರುತ್ತದೆ ಅಂದುಕೊಂಡು ಹೊರಟರೆ, ಅದು ನಮ್ಮೂರ ಎರಡು ಗಂಟೆಯ ಬಿಸಿಲು.

ಆ ಊರಿನವರು ಮಧ್ಯಾಹ್ನ 2ರ ನಂತರ ಉಂಡು, ರಾತ್ರಿ 9ರ ಮೇಲೆ ಮತ್ತೆ ಉಣ್ಣುವುದಕ್ಕೂ ಈ ಗಡಿಯಾರಕ್ಕೂ ಸಂಬಂಧ ಇದೆ. ಸಂಜೆ 4ರಿಂದ 8ರ ತನಕ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಏಳು ಗಂಟೆಗೆ ಊಟ ಮಾಡಿ ಅಭ್ಯಾಸ ಇರುವ ಅಮ್ಮನಿಗೂ ಮಗಳಿಗೂ ಇದು ಕಷ್ಟ. ನಾವು ಹೀಗೆ ಮಾಡಿಕೊಂಡಿದ್ದೇವೆ: ಬೆಳಿಗ್ಗೆ ಬೆಳಕಾದ ಕೂಡಲೇ ಬಂದರಿನ ಕಡೆ ನಡಿಗೆ. 10ರಿಂದ 12ರ ತನಕ ನೀರು. ಆಮೇಲೆ ಸ್ನಾನ, ಊಟ, ಎಲ್ಲರಿಗೂ ನಿದ್ದೆ. ಸಂಜೆ 6ಕ್ಕೆ ಮತ್ತೆ ಕಡಲು. ರಾತ್ರಿಗೆ ಮನೆಯಲ್ಲೇ ಗಂಜಿ, ಉಪ್ಪಿನಕಾಯಿ, ಪಲ್ಯ. ಅಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ, ಅಲ್ಲಿ ಸೂರ್ಯ ಕಡಲಿಗೆ ಇಳಿಯುವುದಿಲ್ಲ. ತೀರ ದಕ್ಷಿಣಕ್ಕೆ ಮುಖ ಮಾಡಿದೆ. ಬಲಗಡೆ ನೆಲದ ಹಿಂದೆ ಮುಳುಗುತ್ತದೆ. ಕಾಪುವಿನ ಹಾಗೆ ಕಾಣಲಿಕ್ಕಿಲ್ಲ.

ಊಟದ ವಿಷಯದಲ್ಲಿ ನನಗೆ ಭಯ ಇದ್ದದ್ದು ಗಂಡನ ಬಗ್ಗೆ. ತರಕಾರಿ ಸ್ಯಾಂಡ್‌ವಿಚ್ ಅಂತ ಬರೆದಿದ್ದರಲ್ಲೂ ಟ್ಯೂನಾ ಮೀನು ಇರುವ ದೇಶ ಅದು. ಸೂಪಿನ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ. ಪ್ರತಿಯೊಂದನ್ನೂ ಕೇಳಿಯೇ ತಿನ್ನಬೇಕು. ಆದರೆ ಆಕ್ಸಾರ್ಕಿಯಾದ ಅಡುಗೆ ಬಗೆದು ನೋಡಿದಾಗ ಒಳ್ಳೆಯ ಸಂಗತಿಗಳು ಸಿಕ್ಕವು. ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ಡು, ಆಲಿವ್ ಎಣ್ಣೆ ರುಬ್ಬಿ ಮಾಡುವ ಬಿಳಿಯ ತಣ್ಣನೆ ಸೂಪು ಇದೆ, ಅಹೋಬ್ಲಾಂಕೋ. ಮೇಲೆ ದ್ರಾಕ್ಷಿ ಹಾಕಿ ಕೊಡುತ್ತಾರೆ. ಬದನೆಕಾಯಿ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಬ್ಬಿನ ಕಪ್ಪು ಪಾಕ ಸುರಿಯುತ್ತಾರೆ. ಈ ಪಾಕ ನೆರ್ಹಾದ ಹಿಂದಿನ ಬೆಟ್ಟದ ಫ್ರಿಹಿಲಿಯಾನಾ ಹಳ್ಳಿಯ ಕಾರ್ಖಾನೆಯಿಂದ ಬರುತ್ತದೆ. ಕಬ್ಬಿನ ರಸ ಕುದಿಸಿ ಕುದಿಸಿ ಮಾಡುವುದು. ನಮ್ಮ ಜೋನಿಬೆಲ್ಲವೇ ಅದು. ಅರಬರು ತಂದ ಕಬ್ಬು ಆ ತೀರದಲ್ಲಿ ಶತಮಾನಗಳ ಕಾಲ ಬೆಳೆಯಿತು. ಗಂಡನಿಗೆ ಒಂದು ಬಾಟಲಿ ತೆಗೆದುಕೊಟ್ಟರೆ ದೋಸೆಗೂ ಆಯಿತು.

ಇನ್ನೊಂದು ಖುಷಿ, ಮಾವು. ಆಕ್ಸಾರ್ಕಿಯಾದ ಬೆಟ್ಟದ ಇಳಿಜಾರುಗಳಲ್ಲಿ ಬೆಣ್ಣೆಹಣ್ಣು ಮತ್ತು ಮಾವಿನ ತೋಟಗಳಿವೆ. ಅಲ್ಲಿಯ ಮಾವಿಗೆ ಸೆಪ್ಟೆಂಬರ್-ಅಕ್ಟೋಬರ್ ಕಾಲ. ನಮ್ಮಲ್ಲಿ ಮಾವು ಮುಗಿದು ಮಳೆಯೂ ಮುಗಿಯುವ ಹೊತ್ತಿಗೆ ಅಲ್ಲಿ ಹಣ್ಣು ಕೀಳುತ್ತಾರೆ. ವರ್ಷದಲ್ಲಿ ಎರಡು ಸಲ ಮಾವಿನ ಕಾಲ ಸಿಕ್ಕಿದರೆ ಯಾರಿಗೆ ಬೇಡ?

ಮೀನಿನ ವಿಷಯ ಅಮ್ಮನಿಗೆ ಬಿಟ್ಟದ್ದು. ಕಡಲ ಬದಿಯ ಊಟದಂಗಡಿಗಳ ಎದುರು ಹಳೆಯ ದೋಣಿಯಲ್ಲಿ ಮರಳು ತುಂಬಿ, ಅದರ ಮೇಲೆ ಆಲಿವ್ ಸೌದೆಯ ಬೆಂಕಿ ಮಾಡಿರುತ್ತಾರೆ. ಸೀಳಿದ ಬಿದಿರಿನಂಥ ಕಡ್ಡಿಗೆ ಸಾರ್ಡಿನ್‌ಗಳನ್ನು ಸಾಲಾಗಿ ಪೋಣಿಸಿ, ಕಲ್ಲುಪ್ಪು ಎರಚಿ, ಕಡ್ಡಿಯನ್ನು ಬೆಂಕಿಯ ಪಕ್ಕ ಮರಳಿಗೆ ನೆಡುತ್ತಾರೆ. ಗೆಳತಿ ಪೆನ್ಸಿಲ್ ಹಿಡಿದು ತೋರಿಸಿದಳು, ಕಡ್ಡಿ ಬೆನ್ನೆಲುಬಿನ ಸರಿಯಾದ ಬದಿಗೆ ಹೋಗಬೇಕು. ಇಲ್ಲದಿದ್ದರೆ ಬೆಂದ ಮೀನು ತನ್ನ ಭಾರಕ್ಕೇ ಕಳಚಿ ಬೆಂಕಿಗೆ ಬೀಳುತ್ತದೆ. ಗಾಳಿ ಯಾವ ಕಡೆಗೆ ಅಂತ ನೋಡಿ, ಹೊಗೆ ತಾಗದ ಬದಿಯಲ್ಲೇ ಕಡ್ಡಿ ನೆಡಬೇಕು. ಮೇಯಿಂದ ಆಗಸ್ಟ್ ತನಕ ಅದರ ಒಳ್ಳೆಯ ಕಾಲ. ಸೆಪ್ಟೆಂಬರ್ ಕೊನೆಗೆ ಕೊಬ್ಬು ಸ್ವಲ್ಪ ಇಳಿದಿರುತ್ತದಂತೆ. ಅದೇ ಹೊತ್ತಿಗೆ ನಮ್ಮಲ್ಲಿ ಬೂತಾಯಿ ಕೊಬ್ಬಿರುತ್ತದೆ. ಅಮ್ಮ ಎರಡನ್ನೂ ಹೋಲಿಸಿ ತೀರ್ಪು ಕೊಡುವುದು ಖಂಡಿತ.

ಉಳಿಯುವ ಜಾಗದ ಬಗ್ಗೆ ನಾನು ಹಗುರವಾಗಿ ಬರೆಯಲಾರೆ. ಸ್ಪೇನಿಗೆ 2024ರಲ್ಲಿ ಸುಮಾರು 9.4 ಕೋಟಿ ವಿದೇಶಿ ಪ್ರವಾಸಿಗಳು ಬಂದರು. ಅದೇ ವರ್ಷ ಮಾಲಗಾದ ಜನ ಬೀದಿಗಿಳಿದು, ನಮಗೆ ನಮ್ಮೂರಲ್ಲಿ ಬಾಡಿಗೆಮನೆ ಸಿಗುತ್ತಿಲ್ಲ ಅಂತ ಪ್ರತಿಭಟನೆ ಮಾಡಿದರು. ಮನೆಗಳನ್ನೆಲ್ಲ ಪ್ರವಾಸಿಗಳಿಗೆ ವಾರದ ಲೆಕ್ಕದಲ್ಲಿ ಕೊಟ್ಟರೆ ಅಲ್ಲಿಯ ಟೀಚರು, ನರ್ಸು, ಮೀನುಗಾರ ಎಲ್ಲಿಗೆ ಹೋಗಬೇಕು? ಗೆಳತಿಯ ತಮ್ಮನೇ ಮದುವೆಯಾದ ಮೇಲೂ ಅಪ್ಪ ಅಮ್ಮನ ಮನೆಯಲ್ಲಿದ್ದಾನೆ. ನಮಗೆ ಅಡುಗೆಮನೆ ಬೇಕೇ ಬೇಕು, ಅದಿಲ್ಲದೆ ಗಂಜಿ ಇಲ್ಲ. ಹಾಗಾಗಿ ಪುಟ್ಟ ಅಡುಗೆಮನೆ ಇರುವ ಹೋಟೆಲ್ ಹುಡುಕಿದೆವು. ಅದು ಹೋಟೆಲ್ ಅಂತಲೇ ಕಟ್ಟಿದ ಕಟ್ಟಡ, ಯಾರನ್ನೋ ಖಾಲಿ ಮಾಡಿಸಿದ ಮನೆಯಲ್ಲ. ಬೆಲೆ ಸ್ವಲ್ಪ ಜಾಸ್ತಿಯಾಯಿತು, ಪರವಾಗಿಲ್ಲ. ಬಾಡಿಗೆಮನೆಯೇ ಬೇಕು ಅನ್ನುವವರು ಅದರ ನೋಂದಣಿ ಸಂಖ್ಯೆ ಕೇಳಿ ನೋಡಿ. 2025ರ ಜುಲೈಯಿಂದ ಆನ್‌ಲೈನ್‌ನಲ್ಲಿ ಕೊಡುವ ಅಲ್ಪಾವಧಿಯ ಮನೆಗಳಿಗೆ ಅದು ಕಡ್ಡಾಯ.

ನೀರಿನದೂ ಹಾಗೇ. ಆ ಸೀಮೆಗೆ ನೀರು ಕೊಡುವ ವಿನ್ಯುವೆಲಾ ಜಲಾಶಯ 2024ರ ಶುರುವಿನಲ್ಲಿ ಶೇ. 10ಕ್ಕಿಂತ ಕೆಳಗೆ ಇಳಿದಿತ್ತು. ಬರಗಾಲದಲ್ಲಿ ಬೀಚಿನ ಸ್ನಾನದ ನಲ್ಲಿಗಳನ್ನು ನಿಲ್ಲಿಸಿದ್ದರು. 2025ರ ಮಾರ್ಚಿನ ಮಳೆಗೆ ಅದು ಚೇತರಿಸಿಕೊಂಡಿತು. ನಾನು ಆಸೆಪಡುತ್ತಿರುವ ಮಾವೂ ಅದೇ ನೀರು ಕುಡಿದು ಬೆಳೆದದ್ದು, ಅದನ್ನು ಮರೆಯುವುದಿಲ್ಲ. ಈಜುಕೊಳ ಇರುವ ಹೋಟೆಲ್ ನಮಗೆ ಬೇಡ ಅಂದೆವು. ಎದುರಿಗೇ ಕಡಲು ಇಟ್ಟುಕೊಂಡು ಕೊಳ ಏಕೆ?

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಊರಿಂದ ಬರುವ ಹಿರಿಯರು ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತಾರೋ ಆ ದೇಶದಿಂದ ಶೆಂಗೆನ್ ವೀಸಾ, ಅಂದರೆ ಯೂರೋಪಿನ ಬಹಳಷ್ಟು ದೇಶಗಳಿಗೆ ನಡೆಯುವ ಒಂದೇ ವೀಸಾ, ಮಾಡಿಸಬೇಕು. ನಮ್ಮ ಅಮ್ಮನಿಗೆ ಅದು ಜರ್ಮನಿ. ಅದೇ ವೀಸಾದಲ್ಲಿ ಸ್ಪೇನಿಗೆ ಹೋಗಿ ಬರಬಹುದು. 180 ದಿನದಲ್ಲಿ 90 ದಿನ ಮೀರುವ ಹಾಗಿಲ್ಲ. ಕನಿಷ್ಠ 30,000 ಯೂರೋ ಖರ್ಚು ಭರಿಸುವ ವೈದ್ಯಕೀಯ ವಿಮೆ ಬೇಕು, ಅದು ಶೆಂಗೆನ್ ದೇಶಗಳಿಗೆಲ್ಲ ಅನ್ವಯಿಸುವಂತಿರಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಅಲ್ಲಿ ಹೋಟೆಲಿನವರು ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ, ಹಾಗಾಗಿ ಕೈಚೀಲದಲ್ಲೇ ಇರಲಿ.

ಕೊನೆಗೆ ಉಳಿದದ್ದು ಗ್ರನಾಡಾ. ಅಷ್ಟು ದೂರ ಹೋಗಿ ಆ ಊರಿನ ಹಳೆಯ ಕೋಟೆ-ಅರಮನೆ ಅಲ್ಹಾಂಬ್ರಾ ನೋಡದೆ ಬರುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲಿಯ ನಸ್ರಿದ್ ಅರಮನೆಗೆ ಹೆಸರು ಕೊಟ್ಟು, ಗಂಟೆ ಗೊತ್ತುಮಾಡಿ, ಮುಂಚೆಯೇ ಟಿಕೆಟ್ ಮಾಡಬೇಕು. ಒಳಗೆ ಗಂಟೆಗಟ್ಟಲೆ ನಡಿಗೆ, ಏರುದಾರಿ. ಅದನ್ನು ಸರಿಯಾಗಿ ನೋಡಬೇಕಾದರೆ ಅದಕ್ಕೇ ಅಂತ ಹೋಗಬೇಕು. ಕಡಲ ರಜೆಯ ನಡುವೆ ಒಂದು ದಿನ ತುರುಕಿ ಓಡಿ ಬರುವ ಜಾಗವಲ್ಲ ಅದು. ಈ ಸಲ ಬಿಟ್ಟೆವು.

ಆ ದಿನವನ್ನು ಖಾಲಿ ಇಟ್ಟುಕೊಂಡಿದ್ದೇವೆ. ಲೆವಾಂತೆ ಎದ್ದು ಕೆಂಪು ಬಾವುಟ ಹಾರಿಸಿದರೆ ಗಂಡ ಮಗಳನ್ನು ಕರೆದುಕೊಂಡು ನೆರ್ಹಾದ ಗುಹೆಗೆ ಹೋಗುತ್ತಾರೆ. 1959ರಲ್ಲಿ ಊರಿನ ಹುಡುಗರು ಕಂಡುಹಿಡಿದ ಗುಹೆ ಅದು, ಮಗಳಿಗೆ ಆ ಕತೆ ಈಗಲೇ ಬಾಯಿಪಾಠ. ಒಳಗೆ ಮೆಟ್ಟಿಲು ತುಂಬಾ ಇರುವುದರಿಂದ ನಾನೂ ಅಮ್ಮನೂ ವೆಲೆಸ್-ಮಾಲಗಾದ ಮಾರುಕಟ್ಟೆಗೆ ಹೋಗಿ ಮಾವು, ಬಾದಾಮಿ, ರಾತ್ರಿಗೆ ಬೇಕಾದ ತರಕಾರಿ ತರುತ್ತೇವೆ. ಗಾಳಿ ಸುಮ್ಮನಿದ್ದರೆ ಎಲ್ಲರೂ ನೀರಿಗೆ.